ಗುಡ್ಡದ ಪಾಲು

ಜಟ್ಟೆಪ್ಪ, ನಮ್ಮ ಮನೆಯವರು, ತೀರಿಕೊಂಡ ಮೇಲೆ ಡೊಂಬಿವಲಿಯ ಈ ಮೂರನೇ ಮಾಳಿಗೆಯಲ್ಲಿ ನನ್ನೊಂದಿಗೆ ಬಾಯಿತುಂಬ ಮಾತಾಡುತ್ತಿದ್ದವಳು ಚಾಂಗುಣಾ ಒಬ್ಬಳೇ. ಮುರಬಾಡದಾಚೆಯ ಗುಡ್ಡದವಳು. ಮಳೆಗಾಲದಲ್ಲಿ ಕಾಡಿನ ಸೊಪ್ಪು, ದೀಪಾವಳಿ ಕಳೆದರೆ ಕಾಡುಗೆಣಸು ಹೊತ್ತು ಕಲ್ಯಾಣದಲ್ಲಿ ಲೋಕಲ್ ರೈಲು ಹಿಡಿದು ಬರುತ್ತಿದ್ದಳು. ವಿಜಾಪುರದ ಕನ್ನಡ ಬೆರೆತ ನನ್ನ ಮರಾಠಿ ಕೇಳಿ ನಗುತ್ತಿದ್ದಳು. ಕಟ್ಟಡದ ಸೊಸೈಟಿಯವರಿಗೆ ನಾನು ಜಗಳಗಂಟಿ ರುದ್ರವ್ವ, ಅವಳಿಗೆ ಮಾವಶಿ, ಅವಳ ಭಾಷೆಯ ಚಿಕ್ಕಮ್ಮ.

ಅವಳ ಗೆಣಸಿಗೆ ತಲೆ ಇರುತ್ತಿರಲಿಲ್ಲ. ಬಳ್ಳಿ ಹುಟ್ಟುವ ಮೇಲ್ತುದಿಯನ್ನು ಕೊಯ್ದು, ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುವುದು ಅವರ ಪದ್ಧತಿ. ಅದು ಗುಡ್ಡದ ಪಾಲು, ಮುಂದಿನ ಮಳೆಗೆ ಮತ್ತೆ ಚಿಗುರಬೇಕು. ರುಚಿಯಾದದ್ದನ್ನೆಲ್ಲ ಅಲ್ಲೇ ಬಿಟ್ಟು ಬರುತ್ತೀ ಎಂದು ನಾನು ಚುಡಾಯಿಸುತ್ತಿದ್ದೆ.

ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರ ಬಂತು. ಎಲ್ಲರ ಮೂತಿಗೂ ಮಾಸ್ಕ್. ಬುಟ್ಟಿಯವರು ಗೇಟಿನೊಳಗೆ ಬರಕೂಡದೆಂದಿತು ಕಮಿಟಿ. ಹೋಗಿ ಜಗಳವಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದುಕೊಂಡು ಸ್ಟೇಷನ್ ಹೊರಗೂ ಹುಡುಕಿದೆ. ಇರಲಿಲ್ಲ. ಇಡೀ ದಿನ ಬಾಯಿ ತೆರೆಯದೆ ಸಂಜೆ ಟಿವಿಯನ್ನೇ ಬೈದದ್ದುಂಟು.

ದೀಪಾವಳಿ ಕಳೆದ ಮೇಲೆ ಬಂದಳು. ಗೇಟಿನಾಚೆಯೇ ನಿಂತಳು. ಬುಟ್ಟಿಯಲ್ಲಿ ಒಂದೇ ಗೆಣಸು, ಅದಕ್ಕೆ ತಲೆಯಿತ್ತು.

ಭಿವಂಡಿಯ ಗೋದಾಮುಗಳಲ್ಲಿ ಹಮಾಲಿ ಮಾಡುತ್ತಿದ್ದ ಅವಳ ಊರವರೆಲ್ಲ ಜ್ವರಕ್ಕೆ ಹೆದರಿ ಮನೆಗೆ ಮರಳಿದ್ದರಂತೆ. ಕೂಲಿಯಿಲ್ಲ, ಅಷ್ಟೂ ಹೊಟ್ಟೆಗೆ ಅದೊಂದೇ ಗುಡ್ಡ. ಇವಳು ಮುಚ್ಚಿಟ್ಟಿದ್ದ ತಲೆಗಳನ್ನೂ ಅಗೆದು ಬೇಯಿಸಿದ್ದರು. ಅಗೆದವರಲ್ಲಿ ಸ್ವಂತ ಸೊಸೆಯೂ ಇದ್ದಳು. ಮಗು ಹಸಿದಿತ್ತು, ಬೈಯಲು ಬಾಯಿ ಬರಲಿಲ್ಲವಂತೆ.

ತಲೆ ಕೊಯ್ದು ಕೊಡುತ್ತೇನೆ, ಒಯ್ದು ಹೂಳು ಎಂದೆ.

"ಅಲ್ಲಿ ಹೂಳಿದ್ರ ಅದನ್ನೂ ಅಗೀತಾರ, ಮಾವಶಿ. ನಿಮ್ಮ ಮನ್ಯಾಗ ಇರ್ಲಿ. ಮಂದಿ ಕೂಲಿಗೆ ಹೋದ ಮ್ಯಾಲ ನಾನ ಬಂದು ಒಯ್ತೀನಿ."

ತಲೆಯನ್ನು ಕೊಯ್ದು ಹಳೆಯ ಬಣ್ಣದ ಡಬ್ಬಿಯಲ್ಲಿ ಹೂಳಿದೆ. ಮಳೆ ಬಿದ್ದಾಗ ಬಳ್ಳಿ ಕಿಟಕಿಯ ಗ್ರಿಲ್ ಹತ್ತಿತು. ಮಾಸ್ಕುಗಳು ಹೋದವು, ಜನ ಗೋದಾಮಿಗೆ ಮರಳಿದರು, ಗೇಟೂ ತೆರೆಯಿತು. ಚಾಂಗುಣಾ ಬರಲಿಲ್ಲ. ಇಷ್ಟು ವರ್ಷ ಹರಟಿದ ನನಗೆ ಅವಳ ಊರ ಹೆಸರು ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ಎಲೆ ಹಳದಿಯಾದಾಗ ಅಗೆದೆ. ಬೇಯಿಸಿ ತಿಂದೆ. ರುಚಿಯಾಗಿತ್ತು; ಹಾಗೆಂದು ಹೇಳಲು ಯಾರೂ ಇರಲಿಲ್ಲ.

ತಲೆಯನ್ನು ಮಾತ್ರ ಮತ್ತೆ ಹೂಳಿದ್ದೇನೆ. ಅದು ಅವಳದು. ಅದು ಇಲ್ಲಿರುವ ತನಕ ಅವಳು ನನ್ನ ಮನೆಗೆ ಬರಬೇಕಾದವಳು.