ಗಾಜಿನ ಮಗ್ಗುಲು

"ಈ ಕಿವಿ ಎಲ್ಲಿಂದ ಬಂತು?"

ಸುಟ್ಟ ಪ್ಲಾಸ್ಟರನ್ನು ಒದ್ದೆ ಬ್ರಷ್ಷಿನಿಂದ ಉಜ್ಜುತ್ತಿದ್ದ ಶಿಲ್ಪಿ ಕೇಳಿದ್ದು ಯಾರನ್ನೂ ಅಲ್ಲ. ಕಾರ್ಯಾಗಾರದಲ್ಲಿ ಅವಳ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ಕೈಯಲ್ಲಿದ್ದದ್ದು ತೀರಿಕೊಂಡ ಅಣ್ಣನ ಮುಖ, ಗಾಜಿನಲ್ಲಿ ಎರಕ ಹೊಯ್ದದ್ದು.

ಅವನು ಬದುಕಿದ್ದಾಗ ಬೆಂಚಿನ ಮೇಲೆ ಮಲಗಿಸಿ, ಉಸಿರಾಡಲು ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಅವಳೇ ತೆಗೆದ ಅಚ್ಚು. "ಮೂಗು ಸ್ವಲ್ಪ ಚಿಕ್ಕದು ಮಾಡೇ ಗಾಜಮ್ಮ" ಎಂದು ಅವನು ಗೋಗರೆದಿದ್ದ. ಕೆನ್ನೆ ಮುಗಿಯುವಲ್ಲಿ ಅಚ್ಚೂ ಮುಗಿದಿತ್ತು. ಅದರಲ್ಲಿ ಕಿವಿಯೇ ಇರಲಿಲ್ಲ. ಈಗ ಮೂಡಿದ್ದ ಕಿವಿಗೋ, ಚಿಕ್ಕಂದಿನಲ್ಲಿ ಗೇಟಿಗೆ ಸಿಕ್ಕಿ ಹರಿದ ಅಂಚು ಕೂಡ ಇತ್ತು.

ಅಚ್ಚಿಗೆ ಮೇಣ, ಮೇಣದ ಸುತ್ತ ಪ್ಲಾಸ್ಟರ್, ಮೇಣ ಕರಗಿಹೋದ ಪೊಳ್ಳಿಗೆ ಗಾಜು. ಆಮೇಲೆ ಒಂಬತ್ತು ದಿನ ಕುಲುಮೆಯೊಳಗೇ ಆರಬೇಕು. ಬೆಂಕಿ ಮಾಡಿದ್ದನ್ನು ತಾನು ತಿದ್ದುವುದಿಲ್ಲ ಎಂಬುದು ಅವಳು ಹಿಡಿದ ನೇಮ. ಮೊದಲ ಎರಕದಲ್ಲಿ ಗದ್ದ ಒಂದು ಮಗ್ಗುಲಿಗೆ ಒಂದಿಷ್ಟು ವಾಲಿದ್ದಾಗ ಮೇಣ ಬಾಗಿರಬೇಕೆಂದು ಸುಮ್ಮನಾಗಿದ್ದಳು. ಅತ್ತಿಗೆ ಅದನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ವಾರದೊಳಗೆ ಮರಳಿ ಬಂದಿದ್ದರು. "ಅವರು ನನ್ನ ಕಡೆ ನೋಡ್ತಿಲ್ಲ, ಇನ್ನೊಂದು ಮಾಡು" ಎಂದಿದ್ದರು. ಆ ಇನ್ನೊಂದೇ ಇದು.

ಇದನ್ನು ಕಂಡ ಅತ್ತಿಗೆ ಮೂರನೆಯದನ್ನೂ ಮಾಡಿಸಿದರು. ಅದರಲ್ಲಿ ಮುಖವೇ ಇರಲಿಲ್ಲ. ಕೆನ್ನೆಯ ಒಂದು ಏಣು, ಕಿವಿ, ಕತ್ತಿನ ಹಿಂಭಾಗ, ಅಷ್ಟೇ.

ಅತ್ತಿಗೆ ಹೆದರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿತ್ತು.

"ತಿರುಗ್ತಾ ಇದ್ದಾರೆ, ನೋಡು. ಇನ್ನೊಂದೆರಡು ಹೊಯ್ದರೆ ಆ ಕಡೆಯಿಂದ ಸುತ್ತಿಕೊಂಡು ನನ್ನ ಕಡೆಗೇ ಬರ್ತಾರೆ."

ಶಿಲ್ಪಿ ಬೆರಳಿನಿಂದ ಆ ಕತ್ತನ್ನು ಮುಟ್ಟಿದಳು. ಒಂಬತ್ತು ದಿನ ಆರಿದ ಗಾಜು. ಆದರೂ ನಿದ್ದೆಹೋದವರ ಕತ್ತಿನಂತೆ ಬೆಚ್ಚಗಿತ್ತು. ಅವಳು ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಚಿಕ್ಕಂದಿನಿಂದಲೂ ಅಣ್ಣನ ರೀತಿ ಅದೇ. ಮಾತು ಸಾಕೆನಿಸಿದರೆ ಗೋಡೆಯ ಕಡೆಗೆ ಮಗ್ಗುಲಾಗುತ್ತಿದ್ದ. ಆಮೇಲೆ ಅಮ್ಮನೂ ಅವನನ್ನು ಕರೆಯುತ್ತಿರಲಿಲ್ಲ.

ಅತ್ತಿಗೆ ಅಚ್ಚನ್ನು ಎತ್ತಿ ತಂದು ಅವಳ ಮಡಿಲಿಗಿಟ್ಟರು.

"ಇನ್ನೊಂದೇ ಒಂದು, ಗಾಜಮ್ಮ. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಅಚ್ಚನ್ನು ಪಕ್ಕಕ್ಕಿಟ್ಟು ಎದ್ದು, ಧೂಳು ಒರೆಸುವ ಬಟ್ಟೆಯನ್ನು ಕೊಡವಿ, ಗಾಜಿನ ಮೇಲೆ ಕಿವಿ ಮುಚ್ಚುವವರೆಗೂ ಹೊದಿಸಿದಳು.

"ಇಲ್ಲ ಅತ್ತಿಗೆ. ನಾನು ಎಬ್ಬಿಸಲ್ಲ."