ಹನ್ನೊಂದು ಕಾಗದಗಳಲ್ಲಿ ಇಲ್ಲದ ಮಾತು

ಮುನಿನಾರಾಯಣಮ್ಮ ಅಂಗಳವನ್ನು ಅರ್ಧ ಸಾರಿಸಿದ್ದಳು. ಮೊಣಕೈವರೆಗೂ ಸಗಣಿ. ಆಗಲೇ ಬೀದಿಯ ತಿರುವಿನಲ್ಲಿ ಸೈಕಲ್ ಗಂಟೆ ಕೇಳಿಸಿತು.

"ಅಕ್ಕಾ, ಕಾಂಗೋ ಬಂತು!" ಎಂದು ಅಂಚೆಯ ವಾಜಿದ್ ಕೂಗಿದ. ಕೊಡಿಗೇಹಳ್ಳಿಯಲ್ಲಿ ಕಾಂಗೋ ಎಂದರೆ ದೇಶವಲ್ಲ, ಮುನಿಕೃಷ್ಣಪ್ಪನ ನೀಲಿ ಕಾಗದ.

"ಸಾರಿಸಿರೋ ಕಡೆ ತುಳೀಬೇಡಪ್ಪೋ!"

"ತುಳಿಯಲ್ಲ ಬಿಡಿ. ಬ್ಯಾಟರಾಯನಪುರ ಮುಗಿಸ್ಕೊಂಡು ಇದೇ ದಾರೀಲಿ ಬರ್ತೀನಿ. ಉತ್ತರ ಬರೆದಿಡಿ, ಇವತ್ತೇ ಹೋಗುತ್ತೆ."

ಅವಳ ಗಂಡ ಮುನಿಕೃಷ್ಣಪ್ಪ ಮಿಲಿಟರಿಯಲ್ಲಿ ಲಾರಿ ಡ್ರೈವರು. ಹೋಗಿ ಹತ್ತು ತಿಂಗಳಾಗಿತ್ತು. ಕಾಂಗೋದ ಜನ ತಮ್ಮತಮ್ಮಲ್ಲೇ ಯುದ್ಧಕ್ಕೆ ಇಳಿದಿದ್ದರು. ಬಿಡಿಸಲು ವಿಶ್ವಸಂಸ್ಥೆ ಕರೆದಾಗ ನಮ್ಮ ಸೈನಿಕರೂ ಹೋಗಿದ್ದರು. ಅತ್ತೆ ಅಂಜಿನಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಅಣ್ತಮ್ಮಂದಿರು ಬದು ಜಗಳ ಆಡ್ತವ್ರೆ, ನನ್ ಮಗ ಮಧ್ಯೆ ನಿಂತವ್ನೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಮುನಿನಾರಾಯಣಮ್ಮ ಕೈ ತೊಳೆದು ಜಗಲಿಯ ಮೇಲೆ ಕೂತಳು. ಅತ್ತೆ ಒಂದು ಪಕ್ಕ, ಏಳು ವರ್ಷದ ಮಗಳು ಪಿಳ್ಳಮ್ಮ ಇನ್ನೊಂದು ಪಕ್ಕ. ಮೂವರಲ್ಲಿ ನಾಲ್ಕನೇ ಕ್ಲಾಸು ಓದಿದ್ದು ಮುನಿನಾರಾಯಣಮ್ಮ ಒಬ್ಬಳೇ. ಜೋರಾಗಿ ಓದಿದಳು.

"ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಇಲ್ಲಿಯವರು ಒಂದು ಗೆಡ್ಡೆಯ ಹಿಟ್ಟಿನಲ್ಲಿ ಮುದ್ದೆ ಕಟ್ಟುತ್ತಾರೆ. ನೋಡಲು ನಮ್ಮ ಮುದ್ದೆಯ ತಮ್ಮನ ಹಾಗಿದೆ, ತಿಂದರೆ ನೆಂಟಸ್ತಿಕೆಯೇ ಇಲ್ಲ. ಹೋದ ವಾರ ನಮ್ಮ ಲಾರಿ ತಡೆಯಲು ಎರಡು ಗುಂಪಿನವರೂ ಒಂದೇ ರಸ್ತೆಗೆ ಒಂದೊಂದು ಮರ ಕೆಡವಿದ್ದರು. ನಾವು ಎರಡನ್ನೂ ಸೌದೆ ಮಾಡಿ ಅನ್ನ ಬೇಯಿಸಿದೆವು."

ಅಂಜಿನಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ಒಣಗಿರೋ ಮರಾನೋ, ಹಸಿ ಮರಾನೋ? ಹಸಿ ಸೌದೇಲಿ ಎಂಗೆ ಬೇಯಿಸಿದ್ರಂತೆ?"

ಮುಂದಿನ ಸಾಲಿಗೆ ಬಂದಾಗ ಮುನಿನಾರಾಯಣಮ್ಮನ ದನಿ ಇಳಿಯಿತು.

"ನಿಮ್ಮ ಹನ್ನೊಂದು ಕಾಗದಗಳೂ ಬಂದವು. ಹಸು ಕರು ಹಾಕಿದ್ದು, ಬಾವಿಯ ಹಗ್ಗ ಕಿತ್ತದ್ದು, ಎಲ್ಲ ತಿಳಿಯಿತು. ನಾನು ಯಾವಾಗ ಬರುತ್ತೇನೆ ಎಂದು ಮಾತ್ರ ಒಂದರಲ್ಲೂ ಕೇಳಿಲ್ಲ. ಜೊತೆಯವರ ಮನೆಗಳಿಂದ ಮೊದಲು ಅದೇ ಮಾತು ಬರುತ್ತದೆ. ನಾನಿಲ್ಲದೆಯೂ ಅಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ ಅನ್ನಿಸಿತು. ನಮ್ಮ ಸರದಿ ಮುಗಿಯುತ್ತಿದೆ. ಇನ್ನೂ ಆರು ತಿಂಗಳು ಇರುವವರು ಹೆಸರು ಕೊಡಿ ಎಂದಿದ್ದಾರೆ. ಕೊಡುವುದೋ ಬೇಡವೋ, ನಿಮ್ಮ ಮುಂದಿನ ಕಾಗದ ನೋಡಿ ತೀರ್ಮಾನಿಸುತ್ತೇನೆ."



ಕೇಳದೆ ಇದ್ದದ್ದಕ್ಕೆ ಕಾರಣ ಅಂಜಿನಮ್ಮನೇ. ಹೊರಟವರನ್ನು ಎಲ್ಲಿಗೆ ಎನ್ನುವುದು, ಹೋದವರನ್ನು ಯಾವಾಗ ಬರುತ್ತೀಯ ಎನ್ನುವುದು, ಎರಡೂ ಅವಳ ಪಾಲಿಗೆ ಅಪಶಕುನ. ಹನ್ನೆರಡನೇ ವಯಸ್ಸಿನಲ್ಲಿ ಅವಳು ಅಪ್ಪನನ್ನು ಹಾಗೆ ಕೇಳಿದ್ದಳು. ಅವತ್ತೇ ಮಾಕಳಿಯ ಹತ್ತಿರ ಗಾಡಿ ಮಗುಚಿತ್ತು. ಅಪ್ಪನಿಗೆ ಒಂದು ಹಲ್ಲು ಮುರಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ಮಗ ಕಾಂಗೋಗೆ ಹೊರಟ ದಿನವೇ, ಅವನಿಗೆ ಕೇಳಿಸದ ಹಾಗೆ, ಸೊಸೆಗೂ ಮೊಮ್ಮಗಳಿಗೂ ಕಟ್ಟಪ್ಪಣೆ ಮಾಡಿದ್ದಳು. ಹತ್ತು ತಿಂಗಳಿಂದ ಪಿಳ್ಳಮ್ಮ ಆ ಮಾತು ಬಾಯಿಗೆ ಬಂದಾಗಲೆಲ್ಲ ತುಟಿ ಬಿಗಿದು ಓಡುತ್ತಿದ್ದಳು.

"ಅವನ ಒಳ್ಳೇದಕ್ಕೇ ಕೇಳ್ಳಿಲ್ಲ. ಅದೂ ಗೊತ್ತಾಗಲ್ವಾ ಆ ಮಂಗನ್ಗೆ?" ಎಂದಳು ಅಂಜಿನಮ್ಮ.

"ನೀವು ಅವರಿಗೆ ಹೇಳಿದ್ರಾ ಅತ್ತೆ?"

"ಹೇಳಿದ್ರೆ ಶಕುನ ಕೆಡಲ್ವೇನಮ್ಮಾ?"

ಮುನಿನಾರಾಯಣಮ್ಮ ಒಳಗಿನಿಂದ ಹೊಸ ನೀಲಿ ಕಾಗದ ತಂದಳು. ಒಲೆಯ ಮೇಲೆ ಎಸರು ಉಕ್ಕಿತು. ಹೋಗಿ ಇಳಿಸಿ ಬಂದಳು. ಕರು ಹಗ್ಗ ಬಿಚ್ಚಿಕೊಂಡಿತು. ಹೋಗಿ ಕಟ್ಟಿ ಬಂದಳು. ಪೆನ್ನು ಎತ್ತಿದರೆ ಕೈ ಓಡಲಿಲ್ಲ. ಅತ್ತೆಯ ಮಾತು ಮೀರಿದರೆ, ನಾಳೆ ಆ ಲಾರಿಗೆ ಏನಾದರೂ ಆದರೆ? ಮೀರದಿದ್ದರೆ ಇನ್ನಾರು ತಿಂಗಳು.

"ಅವನ ಮಂಚದ ಹಗ್ಗ ಹೊಸದಾಗಿ ಬಿಗಿದಿದ್ದೀವಿ ಅಂತ ಬರಿ. ತಿಳ್ಕೋತಾನೆ" ಎಂದಳು ಅಂಜಿನಮ್ಮ.

"ಯಾರು, ನಿಮ್ಮ ಮಗನಾ? ಮದುವೆಯಾದ ಹೊಸದ್ರಲ್ಲಿ ಮೂರು ತಿಂಗಳು ಪಿತ್ತ ಅಂತ ಕೂತಿದ್ದೆ. ಶುಂಠಿ ತಂದ್ಕೊಟ್ರು. ಪಿಳ್ಳಿ ಹೊಟ್ಟೇಲಿದಾಳೆ ಅಂತ ನೀವು ಬಾಯ್ಬಿಟ್ಟು ಹೇಳೋವರ್ಗೂ ತಿಳೀಲಿಲ್ಲ."

ಅಂಜಿನಮ್ಮ ಅತ್ತಿತ್ತ ನೋಡಿದಳು. ಪಿಳ್ಳಮ್ಮ ನಾಲಗೆಯಿಂದ ಮುಂದಿನ ಹಲ್ಲು ಅಲ್ಲಾಡಿಸುತ್ತ ನಿಂತಿದ್ದಳು.

"ಏ ಪಿಳ್ಳಿ, ಬಾ ಇಲ್ಲಿ. ಆ ಅನ್ನು."

ಬಾಯಿ ತೆರೆದಳು. ಅಜ್ಜಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು.

"ಒಂದೂ ಬಿದ್ದಿಲ್ಲ ತಾನೆ?"

"ಇಲ್ಲಜ್ಜಿ."

"ಹಾಲಲ್ಲು ಬೀಳೋಕ್ ಮುಂಚೆ ಮಕ್ಕಳಾಡಿದ್ದನ್ನ ಯಾವ ಶಕುನಾನೂ ಲೆಕ್ಕಕ್ ಇಟ್ಕೊಳ್ಳಲ್ಲ. ನಮ್ಮವ್ವ ಹೇಳೋಳು." ಅಂಜಿನಮ್ಮ ಈ ಮಾತನ್ನು ಆಗ ತಾನೇ ಹೊಸೆದಳೋ, ನಿಜವಾಗಿ ಕೇಳಿದ್ದಳೋ, ಸೊಸೆ ವಿಚಾರಿಸಲು ಹೋಗಲಿಲ್ಲ. "ಕೇಳೇ ಮಗಾ, ಬೇಗ ಕೇಳು! ಅದು ಬೀಳೋಕ್ ಮುಂಚೆ! ನಾರಾಯಣಮ್ಮ, ಅವಳಂದಿದ್ದು ಅಂದಂಗೇ ಬರಿ."

ಬೀದಿಯ ಆ ತುದಿಯಲ್ಲಿ ವಾಜಿದ್‌ನ ಗಂಟೆ ಕೇಳಿಸಿತು. ಮುನಿನಾರಾಯಣಮ್ಮ ತೊಡೆಯ ಮೇಲೆ ಕಾಗದ ಹರಡಿ ಮಗಳನ್ನು ನೋಡಿ ತಲೆಯಾಡಿಸಿದಳು.

ಪಿಳ್ಳಮ್ಮ ಹಲ್ಲು ಉದುರದ ಹಾಗೆ ಒಂದು ಬೆರಳಿಂದ ಒತ್ತಿ ಹಿಡಿದಳು. ಕಾಗದದ ಹತ್ತಿರ ಬಗ್ಗಿ, ಕಾಂಗೋಗೇ ಕೇಳಿಸುವಷ್ಟು ಜೋರಾಗಿ ಕೂಗಿದಳು:

"ಅಪ್ಪಾ, ನೀನು ಯಾವಾಗ ಬತ್ತೀಯಾ?"