ಚಿನ್ನಯ್ಯನ ಹಾಜರಿ

‘ಊರಿಗೆ ಬಂದವನು ಕ್ಷೌರಕ್ಕೆ ಬಾರದಿರುತ್ತಾನೆಯೇ’ ಎಂದು ಗಾದೆಗೂ ಕತ್ತರಿ ಆಡಿಸಿದ್ದ ಚಿನ್ನಯ್ಯನ ಗಡ್ಡವನ್ನು ಈಗ ಡೊಂಬಯ್ಯ ಹೆರೆಯುತ್ತಿದ್ದ. ಇದು ನಡೆದದ್ದು, ಈ ಮಾತಿಗೆ ಯಾರೂ ಕತ್ತರಿ ಆಡಿಸಿಲ್ಲ. ಪಲ್ಟನ್ನಿನಲ್ಲಿ ಬಂದೂಕು ಹಿಡಿದಿದ್ದ ಡೊಂಬಯ್ಯನ ಕೈ ತಪ್ಪಿ, ಗಲ್ಲದ ಕೆಳಗೆ ಕತ್ತಿ ಗೀರಿತು. ರಕ್ತ ಬರಲಿಲ್ಲ. ಆದರೂ ಅವನು ಪಟಿಕ ಹಚ್ಚಿದ.

ಮೂಡುಬಿದಿರೆಯ ಆ ಸಾವಿನ ಮನೆಯ ಅಂಗಳದಲ್ಲಿ ಯಾರೂ ಅಳುತ್ತಿರಲಿಲ್ಲ. ಹೆಂಡತಿ ಜಲಜಾಕ್ಷಿ ಕಂಬಕ್ಕೆ ಒರಗಿ, ಗಂಡನ ಹೆಗಲ ಬೈರಾಸನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಬೆಳಗಿನ ಬಸ್ಸಿಗೆ ಬಂದ ಮಾಜಿ ಸೈನಿಕರ ಸ್ಮರಣ ಸಂಘದ ಹನ್ನೊಂದು ಮಂದಿ ಸಾಲಾಗಿ ನಿಂತಿದ್ದರು. ಬಿಸಿಲಿಗೆ ನಿಂತದ್ದು ಅವರಿಗೆ ಗೊತ್ತಾದ ಹಾಗೆ ಕಾಣಲಿಲ್ಲ.

ಸಂಘದಲ್ಲಿ ಒಂದು ಕ್ರಮವಿತ್ತು. ಸದಸ್ಯ ತೀರಿಕೊಂಡರೆ ಹೆಣ ಎತ್ತುವ ಮೊದಲು ಅಧ್ಯಕ್ಷರು ಹಾಜರಿ ಪುಸ್ತಕ ತೆರೆದು ಅವನ ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯದಕ್ಕೆ ಅವನ ಪರವಾಗಿ ಯಾರಾದರೂ ‘ಹಾಜರ್’ ಎಂದರೆ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಬದುಕಿದವರ ಜೊತೆಗೇ ಅದನ್ನೂ ಕೂಗುತ್ತಾರೆ. ಇಪ್ಪತ್ತು ವರ್ಷ ಸತ್ತವರೆಲ್ಲರ ಪರವಾಗಿ ಉತ್ತರ ಕೊಟ್ಟವನು ಚಿನ್ನಯ್ಯ. ಅದೂ ಅವರವರ ಸ್ವರದಲ್ಲಿ.

ಆದರೆ ಪುಸ್ತಕದಲ್ಲಿ ಅವನದೇ ಹೆಸರಿರಲಿಲ್ಲ.

ಅಧ್ಯಕ್ಷ ಸುಬೇದಾರ್ ರಮಾನಾಥ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಯಾಕೆ ತಂದೆನೆಂದು ಅವನಿಗೇ ತಿಳಿದಿರಲಿಲ್ಲ.

“ಸುಬೇದಾರ್ರೇ, ಇವರ ಹೆಸರು ಒಂದು ಕೂಗ್ತೀರಾ?” ಜಲಜಾಕ್ಷಿ ಬೈರಾಸಿನಿಂದ ಕಣ್ಣೆತ್ತದೆ ಕೇಳಿದಳು. “ಅವರು ಯಾವತ್ತೂ ಕೇಳಲಿಲ್ಲ. ನಾನು ಕೇಳ್ತೇನೆ.”

“ನಿಯಮ ಉಂಟಲ್ಲ ಜಲಜಕ್ಕ. ಪಲ್ಟನ್ನಿನ ಡಿಸ್ಚಾರ್ಜ್ ಪುಸ್ತಕ ಇಲ್ಲದವರದ್ದು...” ರಮಾನಾಥ ಪುಸ್ತಕವನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

*

ಚಿನ್ನಯ್ಯ ಸೈನಿಕನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನ ಕ್ಯಾಂಪುಗಳಲ್ಲಿ ಸಿಪಾಯಿಗಳ ತಲೆ ಬೋಳಿಸಿದವನು. ಇಸವಿ ಅರವತ್ತೈದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಮಾಳಿಗೆಯ ಕೋಣೆಯಲ್ಲಿ ಸಂಘ ಶುರುವಾದಾಗ ಬೀಗದ ಕೈ ಅವನ ಕೈಗೆ ಬಂತು. ಮತ್ತೆ ಬೇರೆಯವರ ಕೈಗೆ ಹೋಗಲಿಲ್ಲ. ಗಾಜಿನ ಕಪಾಟು ಒರೆಸುವುದು, ಹಳೆಯ ಟೊಪ್ಪಿಗಳಿಗೆ ಬಿಸಿಲು ತೋರಿಸುವುದು ಅವನ ಕೆಲಸ. ಹಾಸಿಗೆ ಹಿಡಿದ ಮುದುಕ ಸಿಪಾಯಿಗಳ ಗಡ್ಡ ಹೆರೆಯಲು ನಾರಾವಿಯವರೆಗೂ ನಡೆದು ಹೋಗುತ್ತಿದ್ದ. ಗಡ್ಡ ಹೆರೆಸಿಕೊಳ್ಳುವವ ಮೇಲೆ ನೋಡಿಕೊಂಡೇ ಮಾತಾಡಬೇಕಾಗ್ತದೆ, ಆಗ ಸ್ವರ ಸಾಫಾಗಿ ಸಿಗ್ತದೆ ಎನ್ನುತ್ತಿದ್ದ. ಹೀಗೆ ಒಬ್ಬೊಬ್ಬರ ಸ್ವರವನ್ನೂ ಜೊತೆಗೆ ಕಪಾಟಿಗೆ ಒಂದೊಂದು ಸಾಮಾನನ್ನೂ ತಂದ. ಕಲ್ಲಡ್ಕದ ಒಂದು ಮನೆಯಲ್ಲಿ ಬರ್ಮಾ ಯುದ್ಧದ ಪದಕ ಕರುವಿನ ಕೊರಳಲ್ಲಿ ಕಿಣಿಕಿಣಿ ಎನ್ನುತ್ತಿತ್ತು. ಕರುವಿಗೊಂದು ಹೊಸ ಗಂಟೆ ಕಟ್ಟಿ ಅದನ್ನೂ ಬಿಡಿಸಿಕೊಂಡು ಬಂದಿದ್ದ.

*

ಎಪ್ಪತ್ತನಾಲ್ಕರ ಆಗಸ್ಟ್ ಹದಿನೈದು. ರಮಾನಾಥ ಬರುತ್ತಿದ್ದ ಬಸ್ಸಿನ ಟಯರು ದಾರಿಯಲ್ಲಿ ಒಡೆದಿತ್ತು. ಪುಸ್ತಕ ಹಿಡಿದಿದ್ದ ಕಾರ್ಯದರ್ಶಿ ಅಬ್ದುಲ್ ರವೂಫ್ “ಸುಬೇದಾರ್ ರಮಾನಾಥ” ಎಂದು ಕೂಗಿದ. ಹಿಂದಿನ ಬೆಂಚಿನ ಚಿನ್ನಯ್ಯನಿಂದ ಎರಡು ಒಣಕೆಮ್ಮು, ಆಮೇಲೆ ಮೂಗಿನೊಳಗಿಂದ ಒಂದು ‘ಹಾಜರ್’. ಕೊಡೆ ಕೊಡವುತ್ತ ಬಾಗಿಲಿಗೆ ಬಂದ ರಮಾನಾಥನಿಗೆ ತನ್ನದೇ ಸ್ವರ ಒಳಗಿನಿಂದ ಕೇಳಿಸಿತು. ಕೋಣೆಗೆ ಕೋಣೆಯೇ ನಕ್ಕಿತು. ಅವನೊಬ್ಬ ನಗಲಿಲ್ಲ.

“ನನ್ನನ್ನು ಸತ್ತವರ ಸಾಲಿಗೆ ಸೇರಿಸಿದೆಯಾ?”

“ಹಾಗಲ್ಲ ಸುಬೇದಾರ್ರೇ. ನೀವು ಗೈರುಹಾಜರಿ ಆಗ್ಬಾರ್ದು ಅಂತ.”

ಚಿನ್ನಯ್ಯನಿಗಾಗಿ ನಿಯಮ ಸಡಿಲಿಸಿ ಅವನ ಹೆಸರು ಬರೆಯುವುದು ಅಂದಿನ ಸಭೆಯ ಮೂರನೆಯ ವಿಷಯವಾಗಿತ್ತು. ಅಧ್ಯಕ್ಷ ರಮಾನಾಥ ಎರಡರಿಂದ ನೇರ ನಾಲ್ಕಕ್ಕೆ ಹೋದ. ಹನ್ನೆರಡು ವರ್ಷ ಮೂರನೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಚಿನ್ನಯ್ಯ ಮಾತ್ರ ಮರುದಿನವೂ ಏಳು ಗಂಟೆಗೆ ಬೀಗ ತೆಗೆದಿದ್ದ.

*

“ನಾವು ಹನ್ನೊಂದು ಜನ ಉಂಟು, ನಿಯಮ ಒಂದು ಉಂಟು,” ಅಂಗಳದ ಸಾಲಿನಿಂದ ರವೂಫ್ ಮೆಲ್ಲಗೆ ಹೇಳಿದ. “ಯಾವುದು ಹೆಚ್ಚು ನೋಡುವ ಮಾರಾಯ.”

ರಮಾನಾಥ ಕನ್ನಡಕ ಹಾಕಿಕೊಂಡ. ಪುಸ್ತಕ ತೆರೆದು ಕೊನೆಯ ಸಾಲಿನಲ್ಲಿ ಹೆಸರು ಬರೆದ. ಸಂಕಟ ಆಗಬೇಕಿತ್ತು ಎಂದು ಅವನಿಗೆ ಅನ್ನಿಸಿತೇ ಹೊರತು ಸಂಕಟ ಆಗಲಿಲ್ಲ.

“ಚಿನ್ನಯ್ಯ,” ಎಂದು ಕೂಗಿದ. ಹೆಸರಿನ ಮುಂದೆ ಹಾಕಲು ಹುದ್ದೆ ಏನೂ ಇರಲಿಲ್ಲ.

ಎರಡನೆಯ ಸಲ ಕೂಗಿದಾಗ ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಉತ್ತರ ಕೊಡುವವನು ಮಲಗಿದ್ದ. ಡೊಂಬಯ್ಯ ಬಾಯಿ ತೆರೆದು ಹಾಗೆಯೇ ಮುಚ್ಚಿದ. ಚಿನ್ನಯ್ಯನ ಸ್ವರ ಹೇಗಿತ್ತು? ಎಷ್ಟು ನೆನೆದರೂ ಬೇರೆಯವರ ಸ್ವರಗಳೇ ನೆನಪಿಗೆ ಬರುತ್ತಿದ್ದವು. ಜಲಜಾಕ್ಷಿಯ ಕೈಯಲ್ಲಿ ಬೈರಾಸು ಅರ್ಧ ಮಡಚಿ ನಿಂತಿತು.

“ಚಿನ್ನಯ್ಯ.”

ತಲೆಯ ಹತ್ತಿರ ಹಚ್ಚಿದ್ದ ಊದುಬತ್ತಿಯ ಹೊಗೆ ಇತ್ತ ತಿರುಗಿತು. ಇನ್ನು ತಡೆದರೆ ಹೆಸರು ಬಿದ್ದುಹೋಗುತ್ತದೆ. ರಮಾನಾಥನೇ ಬಾಯಿ ತೆರೆದ. ಮೊದಲು ಎರಡು ಒಣಕೆಮ್ಮು ಬಂತು. ಆಮೇಲೆ ಮೂಗಿನೊಳಗಿಂದ,

“ಹಾಜರ್.”

ರವೂಫನ ಭುಜ ಅಲುಗತೊಡಗಿತು.

“ಇವರೇ,” ಎಂದಳು ಜಲಜಾಕ್ಷಿ. “ಸುಬೇದಾರ್ರದ್ದು ಮಾಡುವಾಗ ಹೀಗೇ ಮಾಡ್ತಿದ್ದದ್ದು. ಇವರದ್ದೇ ಸ್ವರ.” ಬೈರಾಸು ಬಾಯಿಗೆ ಹೋಯಿತು.

ರಮಾನಾಥ ಹೆಣದ ಮುಖ ನೋಡಿದ. ಗಲ್ಲದ ಕೆಳಗಿನ ಗೀರಿನಲ್ಲಿ ಪಟಿಕ ಬೆಳ್ಳಗೆ ಒಣಗಿತ್ತು. ಅಳು ಬರುತ್ತದೆಂದು ತುಟಿ ಕಚ್ಚಿ ಹಿಡಿದ. ಬಂದದ್ದು ನಗು. ಮೊದಲು ಗಟ್ಟಿಯಾಗಿ ನಕ್ಕವನು ರವೂಫ್, ಆಮೇಲೆ ಡೊಂಬಯ್ಯ, ಆಮೇಲೆ ಸಾಲಿಗೆ ಸಾಲೇ. ಎಲ್ಲರನ್ನೂ ಮೀರಿಸಿ ಸುಬೇದಾರ್ ರಮಾನಾಥ ನಕ್ಕ, ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಂಡು, ನಿಲ್ಲಿಸಲಾಗದೆ. ಅವನ ಎದೆಯ ಪದಕಗಳು ಒಂದಕ್ಕೊಂದು ತಾಗಿ, ಕರು ಓಡುವಾಗಿನ ಹಾಗೆ ಕಿಣಿಕಿಣಿ ಎನ್ನುತ್ತಿದ್ದವು.